ಕಾನೂನು ಅಳಿಸಿದ ತಂದೆ, ಕಾದಂಬರಿ ಹೆಸರಿಸಿದ ತಂದೆ

1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ತರಗತಿಯಲ್ಲಿ ಓದಿದ್ದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಮಾನವರೆಲ್ಲರೂ ಸಮಾನರೆಂದು ಸಾರಿದ ಆ ಘೋಷಣೆಯ ಕರಡನ್ನು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಿತಾವಧಿಯಲ್ಲಿ ನೂರಾರು ಗುಲಾಮರಿಗೆ ಒಡೆಯನಾಗಿದ್ದನು. ಆ ವೈರುಧ್ಯದ ಬೇರು ಅವನ ಹುಟ್ಟಿಗಿಂತಲೂ ಹಿಂದಿನದು.

ಇಂಗ್ಲೆಂಡಿನ ಸಂಪ್ರದಾಯದಲ್ಲಿ ಮಗುವಿಗೆ ತಂದೆಯ ಸ್ಥಾನಮಾನ ಸಲ್ಲುತ್ತಿತ್ತು. ವರ್ಜೀನಿಯಾ ವಸಾಹತು 1662ರಲ್ಲಿ ಇದನ್ನು ತಿರುವುಮುರುವು ಮಾಡಿ, ಮಗು ಸ್ವತಂತ್ರವೋ ಗುಲಾಮವೋ ಎಂಬುದನ್ನು ತಾಯಿಯ ಸ್ಥಿತಿಯೇ ನಿರ್ಧರಿಸತಕ್ಕದ್ದೆಂದು ಶಾಸನ ಮಾಡಿತು. ಹೀಗಾಗಿ ಬಿಳಿಯ ಒಡೆಯನಿಗೆ ಗುಲಾಮ ಸ್ತ್ರೀಯಲ್ಲಿ ಜನಿಸಿದ ಮಗು ಅವನ ಸಂತಾನವೆನಿಸದೆ ಅವನ ಸೊತ್ತಾಯಿತು.

ಅಂಥ ಒಂದು ಮಗುವೇ ವಿಲಿಯಂ ವೆಲ್ಸ್ ಬ್ರೌನ್. ಗುಲಾಮ ತಾಯಿಗೂ ಆಕೆಯ ಒಡೆಯನ ಬಂಧುವಾದ ಬಿಳಿಯನಿಗೂ ಕೆಂಟಕಿಯಲ್ಲಿ ಜನಿಸಿದ ಬ್ರೌನ್ 1834ರಲ್ಲಿ ತಪ್ಪಿಸಿಕೊಂಡು ಸ್ವತಂತ್ರನಾದನು. 1853ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ 'ಕ್ಲೋಟೆಲ್' ಆಫ್ರಿಕನ್ ಅಮೆರಿಕನ್ ಲೇಖಕನೊಬ್ಬನ ಮೊದಲ ಪ್ರಕಟಿತ ಕಾದಂಬರಿಯೆಂದು ಪರಿಗಣಿತವಾಗಿದೆ. ಜೆಫರ್ಸನ್ನನ ಮಗಳೆಂದು ಕಲ್ಪಿಸಲಾದ ಕ್ಲೋಟೆಲ್ ಹರಾಜಿನಲ್ಲಿ ಮಾರಾಟವಾಗುತ್ತಾಳೆ. ಕಡೆಗೆ ಬೆನ್ನಟ್ಟಿದವರ ಕೈಗೆ ಸಿಗಲೊಲ್ಲದೆ, ಅಧ್ಯಕ್ಷರ ನಿವಾಸಕ್ಕೆ ಅನತಿದೂರದಲ್ಲಿಯೇ ಪೊಟೊಮ್ಯಾಕ್ ನದಿಗೆ ಹಾರಿ ಪ್ರಾಣ ಬಿಡುತ್ತಾಳೆ. ಆದರೆ 1864ರಲ್ಲಿ ಅಮೆರಿಕದಲ್ಲಿ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ಜೆಫರ್ಸನ್ನನನ್ನು ಆಕೆಯ ತಂದೆಯೆಂದು ಹೆಸರಿಸಿಲ್ಲ!

ಕ್ಲೋಟೆಲ್ ಕಲ್ಪಿತಳು, ಕಥೆಯ ಹಿಂದಿದ್ದ ಮಾತು ಕಲ್ಪಿತವಲ್ಲ. ಜೆಫರ್ಸನ್ನನಿಗೂ ಅವನ ಮನೆಯ ಗುಲಾಮಳಾದ ಸ್ಯಾಲಿ ಹೆಮಿಂಗ್ಸಳಿಗೂ ಮಕ್ಕಳಿವೆಯೆಂದು 1802ರಲ್ಲಿಯೇ ಪತ್ರಿಕೆಯೊಂದು ಬರೆದಿತ್ತು. 1873ರಲ್ಲಿ ಆಕೆಯ ಮಗ ಮ್ಯಾಡಿಸನ್, ಜೆಫರ್ಸನ್ನನೇ ತನ್ನ ತಂದೆಯೆಂದು ಓಹಿಯೋದ ಪತ್ರಿಕೆಯೊಂದರಲ್ಲಿ ಹೇಳಿದನು. ಅನೇಕ ಇತಿಹಾಸಕಾರರು ಆ ಮಾತನ್ನು ಬಹುಕಾಲ ತಳ್ಳಿಹಾಕಿದರು. ಮ್ಯಾಡಿಸನ್ ಕರಿಯರ ಸಮುದಾಯದಲ್ಲಿಯೇ ಉಳಿದನು. ತಮ್ಮ ಎಸ್ಟನ್ ವಿಸ್ಕಾನ್ಸಿನ್ನಿಗೆ ಹೋಗಿ, ಜೆಫರ್ಸನ್ ಎಂಬ ಹೆಸರು ಧರಿಸಿ, ಬಿಳಿಯನಾಗಿ ಬಾಳಿದನು. ಒಂದೇ ತಾಯಿಯ ಮಕ್ಕಳ ಸಂತತಿ ಹೀಗೆ ಎರಡು ಜನಾಂಗಗಳಾಗಿ ಒಡೆಯಿತು.

1998ರ ಡಿಎನ್‌ಎ ಪರೀಕ್ಷೆಯಲ್ಲಿ ಎಸ್ಟನ್ ವಂಶಸ್ಥನ ವರ್ಣತಂತು ಜೆಫರ್ಸನ್ ಮನೆತನದ ಗಂಡುಸಂತತಿಯದಕ್ಕೆ ಹೊಂದಿತು. ಪರೀಕ್ಷೆ ಮನೆತನವನ್ನಷ್ಟೇ ತಿಳಿಸಬಲ್ಲುದು, ವ್ಯಕ್ತಿಯನ್ನಲ್ಲ. ಇತರ ದಾಖಲೆಗಳನ್ನೂ ಪರಿಶೀಲಿಸಿ, ಮಾಂಟಿಸೆಲ್ಲೊವನ್ನು ನೋಡಿಕೊಳ್ಳುವ ಪ್ರತಿಷ್ಠಾನವು 2000ದಲ್ಲಿ ಜೆಫರ್ಸನ್ನನ ಪಿತೃತ್ವವನ್ನು ಬಹುಮಟ್ಟಿಗೆ ಒಪ್ಪಿತು. ಮ್ಯಾಡಿಸನ್ ಹೇಳಿಕೆಗೂ ಈ ಒಪ್ಪಿಗೆಗೂ ನಡುವೆ 127 ವರ್ಷಗಳು ಸಂದಿದ್ದವು.

ವಂಶಾವಳಿ ಬರೆಯಹೊರಟ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಹಿರಿಯರ ಮಾತನ್ನು ಪರೀಕ್ಷಿಸಿ, ಆದರೆ ಕಾಗದವಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ. ಕಾಗದ ಬರೆಯುವ ಅಧಿಕಾರ ಯಾರ ಕೈಯಲ್ಲಿತ್ತೆಂಬುದನ್ನೂ ವಿಚಾರಿಸಿ.