ಲಂಡನ್ ಟಪಾಲು, ವಯಾ ಬಳ್ಳಾರಿ

ಮುಂಬಯಿಯ ವಿಮಾನ ಚರಿತ್ರೆ ಅಂದ್ರೆ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಮೊದಲು ಬರೋದು ಚೌಪಾಟಿ. 1895ರಲ್ಲಿ ಶಿವಕರ ಬಾಪೂಜಿ ತಲಪದೆ ಅಲ್ಲಿ ವಿಮಾನ ಹಾರಿಸಿದರು, ರೈಟ್ ಸೋದರರಿಗಿಂತ ಎಂಟು ವರ್ಷ ಮೊದಲೇ, ಅನ್ನೋ ಕತೆ. ಅದಕ್ಕೆ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನೂ ಜೋಡಿಸ್ತಾರೆ. 1974ರಲ್ಲಿ ಬೆಂಗಳೂರಿನ ಐಐಎಸ್‌ಸಿಯ ಐವರು ಆ ಗ್ರಂಥವನ್ನು ಓದಿ, ಲೆಕ್ಕ ಹಾಕಿ, ಅದರಲ್ಲಿರೋ ವಿಮಾನಗಳು ಹಾರಲಾರವು ಅಂತ ಬರೆದರು. ನನಗೆ ಅಷ್ಟು ಸಾಕು. ಬೇಸರ ಏನಂದ್ರೆ, ಈ ಗದ್ದಲದಲ್ಲಿ ನಿಜವಾಗಿ ಹಾರಿದ ವಿಮಾನ, ಅದೂ ಮುಂಬಯಿಯಿಂದ ಬಳ್ಳಾರಿಗೆ ಹಾರಿದ್ದು, ನಮ್ಮವರ ನೆನಪಲ್ಲೇ ಇಲ್ಲ.

ಅದು ಹೊರಟ ಜಾಗ ಜುಹು. 1928ರಲ್ಲಿ ಶುರುವಾದ ಈ ಏರೋಡ್ರೋಮ್ ಅಂದ್ರೆ ಕಡಲ ಪಕ್ಕದ ಕೆಸರುಬಯಲು, ಅಷ್ಟೇ. ಬಾಂಬೆ ಫ್ಲೈಯಿಂಗ್ ಕ್ಲಬ್ ಕೂಡ ಅದೇ ವರ್ಷದ್ದು. ಜೆ.ಆರ್.ಡಿ. ಟಾಟಾ ಕಲಿತದ್ದು ಈ ಕ್ಲಬ್‌ನಲ್ಲಿ. 1929ರ ಫೆಬ್ರುವರಿಯಲ್ಲಿ ಅವರಿಗೆ ಸಿಕ್ಕ ಪೈಲಟ್ ಲೈಸೆನ್ಸಿನ ನಂಬರ್ 1.

ಆಗ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನ ಟಪಾಲನ್ನು ಕರಾಚಿವರೆಗೆ ತರ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ವಿಮಾನದಲ್ಲೇ ಒಯ್ಯೋಣ ಅನ್ನೋದು ನೆವಿಲ್ ವಿನ್ಸೆಂಟ್ ಎಂಬ ಪೈಲಟ್‌ನ ಯೋಜನೆ. 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಒಬ್ಬರೇ ಕರಾಚಿ ಬಿಟ್ಟರು. ರೇಡಿಯೋ ಇಲ್ಲ, ಏನೂ ಇಲ್ಲ. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡೀಲಿ! ಮಧ್ಯಾಹ್ನ 1.50ಕ್ಕೆ ಜುಹುದಲ್ಲಿ ಇಳಿದರು.

ಎಲ್ಲ ಕಡೆ ಕತೆ ಇಲ್ಲಿಗೆ ಮುಗಿದುಬಿಡುತ್ತೆ. ಆದರೆ ಟಪಾಲು ಹೋಗಬೇಕಿದ್ದದ್ದು ಮದ್ರಾಸಿಗೆ. ಅದನ್ನು ಮುಂದಕ್ಕೆ ಒಯ್ದವರು ವಿನ್ಸೆಂಟ್. ಸಹ್ಯಾದ್ರಿ ದಾಟಿ ಬಳ್ಳಾರಿಯಲ್ಲಿ ಇಳಿದು, ರಾತ್ರಿ ಅಲ್ಲೇ ತಂಗಿ, ಮಾರನೇ ದಿನ ಮದ್ರಾಸ್ ಮುಟ್ಟಿದರು. ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿಯ ಊರು, ಮೈಸೂರಿನದಲ್ಲ. ನಕ್ಷೆಯಲ್ಲಿ ಮುಂಬಯಿಗೂ ಮದ್ರಾಸಿಗೂ ಗೆರೆ ಎಳೆದು ನೋಡಿ, ದಾರಿಯಲ್ಲಿ ತಂಗೋದಕ್ಕೆ ಬಳ್ಳಾರಿ ಎಷ್ಟು ಅನುಕೂಲ ಅಂತ ತಿಳಿಯುತ್ತೆ. ಮುಂದೆ ಆ ಜಾಗಕ್ಕೆ ಹೈದರಾಬಾದ್ ಬಂತು, ಬಳ್ಳಾರಿ ಬಿಟ್ಟುಹೋಯ್ತು.

ಜುಹುವಿನ ಕಷ್ಟ ಬೇರೆ. ಮಳೆಗಾಲ ಬಂತೂಂದ್ರೆ ಬಯಲೆಲ್ಲ ನೀರು. ಕಂಪನಿಯ ಸಂಸಾರವೇ ಅಷ್ಟು, ಎರಡು ವಿಮಾನ, ಬೆರಳೆಣಿಕೆಯ ಜನ. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಹೋಗಿ, ಯೆರವಡಾ ಜೈಲಿನ ಹತ್ತಿರದ ಬಯಲಿಂದ ಹಾರಿಸ್ತಿದ್ದರು. ನಮ್ಮ ಭಾಷೇಲಿ ಹೇಳೋದಾದ್ರೆ ಡಿಆರ್ ಸೈಟ್. ವರ್ಷಕ್ಕೊಂದು ಸಲ ಪೂರ್ತಿ ಫೇಲ್‌ಓವರ್, ಅದೂ ಡ್ರಿಲ್ ಅಲ್ಲ, ನಿಜವಾದ್ದು.

ದೊಡ್ಡ ವಿಮಾನಗಳಿಗೆ ಇಂಥ ಜಾಗ ಸಾಲದು. ಯುದ್ಧಕಾಲದಲ್ಲಿ ಹತ್ತಿರದಲ್ಲೇ ಸಾಂತಾಕ್ರೂಜ್ ವಾಯುನೆಲೆ ಬೆಳೀತು, ಸ್ವಾತಂತ್ರ್ಯದ ಆಚೀಚೆ ನಾಗರಿಕ ವಿಮಾನಗಳೂ ಅಲ್ಲಿಗೇ ಹೋದವು. ನಾವು ಹಬ್ಬಕ್ಕೆ ಊರಿಗೆ ಹೋಗೋಕೆ ವಿಮಾನ ಹತ್ತೋದು ಅದೇ ನೆಲದಿಂದ. ಜುಹುದಲ್ಲಿ ಈಗ ಮುಖ್ಯವಾಗಿ ಹೆಲಿಕಾಪ್ಟರುಗಳು. ಬಾಂಬೆ ಹೈ ತೈಲಬಾವಿಗಳಿಗೆ ಕೆಲಸಗಾರರನ್ನು ಒಯ್ಯೋವು ಇಲ್ಲಿಂದಲೇ ಏಳ್ತಾವೆ. ಸುತ್ತ ಕಟ್ಟಡಗಳು ಒತ್ತಿಕೊಂಡು ಬಂದಿವೆ.

1982ರ ಅಕ್ಟೋಬರ್ 15ಕ್ಕೆ, 78ರ ವಯಸ್ಸಿನಲ್ಲಿ, ಜೆ.ಆರ್.ಡಿ. ಹಳೇ ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮತ್ತೆ ಒಬ್ಬರೇ ಬಂದು ಜುಹುದಲ್ಲಿ ಇಳಿದರು. ಆ ಸಲವೂ ಪತ್ರಿಕೆಗಳ ಸುದ್ದಿ ಜುಹುಗೇ ಮುಗೀತು.