ಎದುರುಬದುರಾದ ಎರಡು ಬಾಣಗಳು

ಶಾಸನವು ಕಲ್ಲಿನ ಮೇಲೆಯೇ ಇರಬೇಕೆಂದಿಲ್ಲ. ಉಣ್ಣೆಯಂಗಿಯ ಒಳಮೈಯಲ್ಲಿಯೂ ದೊರೆತೀತು. ಬ್ರಿಟಿಷ್ ಸೈನ್ಯದ ಹಳೆಯ ಉಡುಪುಗಳನ್ನು ಸಂಗ್ರಹಿಸುವವರು ಮೊದಲು ಓದುವುದು ಅಲ್ಲಿ ಹೊಲಿದಿರುವ ಚೀಟಿಯನ್ನು. ಅಳತೆ, ತಯಾರಕರ ಹೆಸರು, ಇಸವಿ. ಬಳಿಯಲ್ಲೇ ಸರ್ಕಾರದ ಸ್ವತ್ತೆಂದು ಸಾರುವ ಬಾಣದ ಮುದ್ರೆ.

1939ರಲ್ಲಿ ಬಳಕೆಗೆ ಬಂದ 'ಬ್ಯಾಟಲ್ ಡ್ರೆಸ್' ಎಂಬ ಗಿಡ್ಡಂಗಿಯ ಜೇಬುಗಳಿಗೆ ನೆರಿಗೆಯಿತ್ತು, ಗುಂಡಿಗಳು ಮರೆಯಲ್ಲಿದ್ದವು. 1942ರ ವೇಳೆಗೆ ಮಿತವ್ಯಯಕ್ಕಾಗಿ ನೆರಿಗೆ ಹೋಯಿತು, ಗುಂಡಿಗಳು ಬಯಲಾದವು. ದೇಶದ ಅಭಾವವನ್ನು ದರ್ಜಿಯ ಕತ್ತರಿಯೇ ಬರೆದಿಟ್ಟಿತು.

ಯುದ್ಧ ಮುಗಿದ ಬಳಿಕ ಹೆಚ್ಚುವರಿ ಉಡುಪು ಮಾರಾಟಕ್ಕೆ ಬಂದಿತು. ಸೇನೆಯಿಂದ ಬಿಡುಗಡೆಯಾದ ವಸ್ತುವಿನ ಮೇಲೆ, ಮೊದಲ ಬಾಣದ ಮೊನೆಗೆ ಮೊನೆ ತಾಗುವಂತೆ, ಇನ್ನೊಂದು ಬಾಣವನ್ನು ಒತ್ತುವ ಪದ್ಧತಿಯಿತ್ತು. 1960ರ ದಶಕದಲ್ಲಿ ಲಂಡನ್ನಿನ ಪೋರ್ಟೊಬೆಲೊ ರಸ್ತೆಯಲ್ಲಿ ತರುಣರು ಹಳೆಯ ಸಮವಸ್ತ್ರಗಳನ್ನು ಕೊಂಡು ವಿನೋದಕ್ಕೆ ತೊಟ್ಟರು.

ಕೆಲವು ಅಂಗಿಗಳಲ್ಲಿ ಸೈನಿಕನ ಸಂಖ್ಯೆ ಮಸಿಯಲ್ಲಿ ಉಳಿದಿರುತ್ತದೆ. ಅದನ್ನು ಕಲೆಯೆಂದು ತೊಳೆಯುವವರೂ ಉಂಟು. ತೊಳೆದರೆ ಅಂಗಿ ಉಳಿದೀತು, ತೊಟ್ಟವನು ಅಳಿದುಹೋಗುತ್ತಾನೆ. 'ಖಾಕಿ' ಎಂಬ ಮಾತು ಹುಟ್ಟಿದ್ದು ಧೂಳೆಂಬ ಅರ್ಥದ ಪಾರಸಿ ಶಬ್ದದಿಂದ. 1840ರ ದಶಕದಲ್ಲಿ ಪೇಶಾವರದ 'ಗೈಡ್ಸ್' ದಳ ತೊಟ್ಟ ಆ ಬಣ್ಣ ಲೋಕವನ್ನೆಲ್ಲ ಸುತ್ತಿತು. ಧೂಳಿನ ಬಣ್ಣದ ಬಟ್ಟೆಯ ಮೇಲೆ ಒಬ್ಬ ಮನುಷ್ಯನ ಗುರುತು ಉಳಿದಿದ್ದರೆ, ಅದನ್ನು ಉಳಿಸುವುದೇ ಸಂಗ್ರಾಹಕನ ಧರ್ಮ.