ಲೆಕ್ಕದ ಪಾಠ ಯಾರಿಗೆ?

ಬಜೆಟ್ ದಿನ ನಮ್ಮ ಸ್ಟುಡಿಯೋದಲ್ಲಿ ಅರ್ಥಶಾಸ್ತ್ರಜ್ಞರ ಸಾಲೇ ಕೂತಿರುತ್ತೆ. ವಿತ್ತೀಯ ಕೊರತೆ, ಜಿಡಿಪಿ, ಹಣದುಬ್ಬರ ಅಂತ ಮಾತು ಸಾಗುತ್ತೆ. ಮನೆಯಲ್ಲಿ ಕೂತು ನೋಡುವ ನೀವು ‘ಇದು ನಮಗಲ್ಲ ಬಿಡಿ’ ಅಂತ ಚಾನೆಲ್ ಬದಲಾಯಿಸ್ತೀರಿ. ತಪ್ಪು ನಿಮ್ಮದಲ್ಲ. ಈ ವಿಷಯ ಕಾಲೇಜಿನ ಮೆಟ್ಟಿಲು ಹತ್ತಿದ್ದೇ ಹಾಗೆ.

ಆಡಂ ಸ್ಮಿತ್ ಹೆಸರು ಕೇಳಿದ್ದೀರಿ. 1776ರಲ್ಲಿ ‘ವೆಲ್ತ್ ಆಫ್ ನೇಷನ್ಸ್’ ಪ್ರಕಟಿಸಿದವರು. ಅರ್ಥಶಾಸ್ತ್ರದ ಪಿತಾಮಹ ಅಂತೀವಿ. ಆದರೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಧ್ಯಾಪಕರಾಗಿದ್ದದ್ದು ನೀತಿಶಾಸ್ತ್ರಕ್ಕೆ! ಅರ್ಥಶಾಸ್ತ್ರಕ್ಕೆ ಅಂತ ಅಲ್ಲೊಂದು ಕುರ್ಚಿಯೇ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಆ ಕುರ್ಚಿ ಮೊದಲು ಹಾಕಿದ್ದು ಯಾರು ಗೊತ್ತಾ? ಆಕ್ಸ್‌ಫರ್ಡ್ ಅಲ್ಲ, ಕೇಂಬ್ರಿಜ್ ಅಲ್ಲ. ಈಸ್ಟ್ ಇಂಡಿಯಾ ಕಂಪನಿ! ಭಾರತಕ್ಕೆ ಬರುವ ಅಧಿಕಾರಿಗಳನ್ನು ತಯಾರು ಮಾಡೋಕೆ ಕಂಪನಿ ಒಂದು ಕಾಲೇಜು ತೆರೆಯಿತು. ಅದು ಮುಂದೆ ಹೇಲಿಬರಿಯಲ್ಲಿ ನೆಲೆ ನಿಂತಿತು. ಅಲ್ಲಿ ಇತಿಹಾಸದ ಜೊತೆ ಅರ್ಥಶಾಸ್ತ್ರ ಹೇಳಿಕೊಡಲು 1805ರಲ್ಲಿ ನೇಮಕವಾದವರು ಥಾಮಸ್ ಮಾಲ್ಥಸ್. ಹೌದು, ಜನಸಂಖ್ಯೆಯ ಸಿದ್ಧಾಂತದ ಅದೇ ಮಾಲ್ಥಸ್. ಅವರ ಎದುರು ಕೂತಿದ್ದವರು ನಾಳೆ ನಮ್ಮ ರೈತರಿಂದ ಕಂದಾಯ ವಸೂಲಿ ಮಾಡಬೇಕಾದ ಹುಡುಗರು. ಕಂದಾಯ ಕಟ್ಟುವವರು ಆ ತರಗತಿಯಲ್ಲಿ ಇರಲಿಲ್ಲ.

ಆಕ್ಸ್‌ಫರ್ಡಿಗೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಬಂದದ್ದು 1825ರಲ್ಲಿ. ಆದರೂ ಬರೀ ಅರ್ಥಶಾಸ್ತ್ರ ಓದಿ ಪದವಿ ಪಡೆಯೋ ಹಾಗಿರಲಿಲ್ಲ. ಕೇಂಬ್ರಿಜ್‌ನಲ್ಲಿ ಅದು ತತ್ತ್ವಶಾಸ್ತ್ರ, ತರ್ಕಗಳ ಜೊತೆ ಒಂದು ಮೂಲೆಯಲ್ಲಿತ್ತು. ಅದನ್ನು ಹೊರಗೆ ತಂದವರು ಆಲ್ಫ್ರೆಡ್ ಮಾರ್ಷಲ್. ಮೂಲತಃ ಗಣಿತದ ವಿದ್ಯಾರ್ಥಿ. ನಗರಗಳ ಬಡವರ ಕೇರಿ ಸುತ್ತಿ ಈ ಕಡೆ ತಿರುಗಿದವರು. 1885ರಲ್ಲಿ ಪ್ರಾಧ್ಯಾಪಕರಾದರು. ಹದಿನೆಂಟು ವರ್ಷ ಪಟ್ಟು ಬಿಡಲಿಲ್ಲ. 1903ರಲ್ಲಿ ಅರ್ಥಶಾಸ್ತ್ರಕ್ಕೇ ಪ್ರತ್ಯೇಕ ಪದವಿ ಪರೀಕ್ಷೆ ಬಂತು.

ಚಪ್ಪಾಳೆ ತಟ್ಟೋಣ. ಆದರೆ ಒಂದು ನಿಮಿಷ ತಡೆಯಿರಿ.

ಅವರ ಹೆಂಡತಿ ಮೇರಿ ಪೇಲಿ. 1874ರಲ್ಲೇ ಕೇಂಬ್ರಿಜ್‌ನಲ್ಲಿ ಗಂಡಸರ ಪದವಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳಿಗೇ ಉತ್ತರ ಬರೆದಾಕೆ. ಅರ್ಥಶಾಸ್ತ್ರ ಪಾಠ ಹೇಳಿದಾಕೆ. ಗಂಡನ ಜೊತೆ ಸೇರಿ 1879ರಲ್ಲಿ ಪಠ್ಯಪುಸ್ತಕವನ್ನೂ ಬರೆದರು. ಆದರೂ ಕೇಂಬ್ರಿಜ್ ಆಕೆಗೆ ಪದವಿ ಕೊಡಲಿಲ್ಲ. ಹೆಣ್ಣುಮಕ್ಕಳಿಗೆ ಪದವಿ ಕೊಡಬೇಕು ಅನ್ನೋ ಚರ್ಚೆ 1896ರಲ್ಲಿ ಎದ್ದಾಗ ಬೇಡ ಅಂದವರಲ್ಲಿ ಸ್ವತಃ ಮಾರ್ಷಲ್ ಇದ್ದರು! ಮೇರಿ ತೀರಿಕೊಂಡಿದ್ದು 1944ರಲ್ಲಿ. ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಡಲು ಶುರು ಮಾಡಿದ್ದು 1948ರಲ್ಲಿ.

ನೋಡಿ, ತಿಂಗಳ ಸಂಬಳದಲ್ಲಿ ಮನೆ ತೂಗಿಸೋ ಹೆಂಗಸಿಗೆ, ಬೆಳೆದದ್ದಕ್ಕೆ ಬೆಲೆ ಸಿಗದ ರೈತನಿಗೆ ಈ ವಿಷಯ ಗೊತ್ತಿಲ್ಲ ಅಂತಲ್ಲ. ಅವರನ್ನು ತರಗತಿಯ ಹೊರಗೆ ನಿಲ್ಲಿಸಿದ್ದರು, ಅಷ್ಟೆ. ಇವತ್ತು ಬಾಗಿಲು ತೆರೆದಿದೆ. ಭಾಷೆ ಮಾತ್ರ ಇನ್ನೂ ಒಳಗಿನವರದ್ದೇ.

ಮುಂದಿನ ಬಜೆಟ್ ದಿನ ಚಾನೆಲ್ ಬದಲಾಯಿಸಬೇಡಿ. ಅರ್ಥವಾಗುವ ಹಾಗೆ ಹೇಳಿ ಅಂತ ಕೇಳಿ. ನಮ್ಮನ್ನೂ ಕೇಳಿ. ಲೆಕ್ಕ ನಿಮ್ಮ ದುಡ್ಡಿನದ್ದು.